ಕೊಲಂಬಸ್‌ನಲ್ಲಿ ಕೂತರೆ ಮಗನಿಗೆ ವಾಂತಿ, ವಂಡರ್‌ಲಾಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ (ಕುಮಟಾದಿಂದ ಒಬ್ಬ ತಾಯಿ):

ಡಾಕ್ಟ್ರೇ, ನಮಸ್ಕಾರ. ಈ ರಜೆಯಲ್ಲಿ ಮನೆಯವರೆಲ್ಲ ಬೆಂಗಳೂರಿನ ವಂಡರ್‌ಲಾಗೆ ಹೋಗಬೇಕು ಅಂತ ಮಾಡಿದ್ದೇವೆ. ನಾನು, ನಮ್ಮನೆಯವರು, 13 ವರ್ಷದ ಮಗಳು, 9 ವರ್ಷದ ಮಗ, ಜೊತೆಗೆ ಅತ್ತೆ. ಮಗಳನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಕಷ್ಟ ಇರುವುದು ಮಗನಿಗೆ. ದೇವಿಮನೆ ಘಟ್ಟ ಹತ್ತುವಾಗ ಪ್ರತಿ ಸಲ ವಾಂತಿ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ದೋಣಿಯ ಹಾಗೆ ತೂಗುವ ಕೊಲಂಬಸ್‌ಗೆ ಹತ್ತಿಸಿದ್ದೆವು. ಅದು ನಿಲ್ಲುವ ಮೊದಲೇ ಅಕ್ಕನ ಮೈಮೇಲೆ ವಾಂತಿ ಮಾಡಿದ. ಸುತ್ತ ಇದ್ದವರು ನಕ್ಕರು. ಈಗ ರೈಡ್ ಅಂದರೆ ಮುಖ ಸಣ್ಣ ಮಾಡುತ್ತಾನೆ. ನಮ್ಮನೆಯವರು "ಗಂಡು ಹುಡುಗ, ಧೈರ್ಯ ಮಾಡಬೇಕು, ನಾಲ್ಕು ಸಲ ಕೂತರೆ ತಾನೇ ಸರಿಹೋಗ್ತದೆ" ಅನ್ನುತ್ತಾರೆ. ಅತ್ತೆ "ಪಿತ್ತ ಜಾಸ್ತಿ" ಅನ್ನುತ್ತಾರೆ. ನನಗೂ ತಿರುಗುವ ರೈಡ್ ಆಗುವುದಿಲ್ಲ, ಮೈಗ್ರೇನ್ ಇದೆ. ಏನು ಮಾಡಲಿ?

ಉತ್ತರ (ಕಿವಿ, ಮೂಗು, ಗಂಟಲು ವೈದ್ಯರು, ಶಿರಸಿ):

ನಮಸ್ಕಾರ ಅಕ್ಕಾ. ಖಂಡಿತ ಕರೆದುಕೊಂಡು ಹೋಗಿ. ಆದರೆ ಮೊದಲು ನಿಮ್ಮನೆಯವರಿಗೆ ಒಂದು ಮಾತು. ಇದಕ್ಕೂ ಧೈರ್ಯಕ್ಕೂ ಸಂಬಂಧವೇ ಇಲ್ಲ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಭೂಮಿ ಸುತ್ತಿದರು. ಕೊನೆಯವರೆಗೂ ಅವರಿಗೆ ಸಮುದ್ರದ ವಾಂತಿ ಬಿಡಲಿಲ್ಲ. ಬ್ರಿಟಿಷ್ ನೌಕಾಪಡೆಯ ದೊಡ್ಡ ಸೇನಾನಿ ನೆಲ್ಸನ್‌ಗೂ ಇದೇ ಕಾಟ ಇತ್ತು. ಅವರಿಗೆಲ್ಲ ಧೈರ್ಯ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಶುರುವಾಗುವುದು ಹೊಟ್ಟೆಯಲ್ಲಿ ಅಲ್ಲ, ಕಿವಿಯಲ್ಲಿ. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ಸಣ್ಣ ನಾಳಗಳಿವೆ, ಅದರೊಳಗೆ ದ್ರವ. ನಾವು ತಿರುಗಿದರೆ ಆ ದ್ರವ ಅಲ್ಲಾಡಿ ಮಿದುಳಿಗೆ ಸುದ್ದಿ ಕಳಿಸುತ್ತದೆ. ಕೊಡಪಾನದ ನೀರನ್ನು ಗರಗರ ತಿರುಗಿಸಿ ಕೈ ತೆಗೆದರೂ ನೀರು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದಲ್ಲ, ಹಾಗೆ ರೈಡ್ ನಿಂತ ಮೇಲೂ ಆ ದ್ರವ ನಿಲ್ಲುವುದಿಲ್ಲ. ಕಣ್ಣು "ನಿಂತೆವು" ಅನ್ನುತ್ತದೆ, ಕಿವಿ "ಇನ್ನೂ ತಿರುಗುತ್ತಿದ್ದೇವೆ" ಅನ್ನುತ್ತದೆ. ಬಸ್ಸಿನಲ್ಲಿ ಮೊಬೈಲ್ ನೋಡುವಾಗಲೂ ಇದೇ ಜಗಳ. ಕಿವಿಗೆ ಘಟ್ಟದ ತಿರುವು ಗೊತ್ತಾಗುತ್ತದೆ, ಕಣ್ಣಿಗೆ ಅಲ್ಲಾಡದ ಪರದೆ ಮಾತ್ರ ಕಾಣುತ್ತದೆ. ಎರಡು ಸುದ್ದಿ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡೂ ಕಡೆಯ ಒಳಕಿವಿಯ ಈ ಭಾಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಹಡಗಿನಲ್ಲೂ ವಾಂತಿ ಆಗುವುದಿಲ್ಲ. ಅಂದರೆ ನಿಮ್ಮ ಮಗನ ಕಿವಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅತ್ತೆಯವರಿಗೂ ಇದನ್ನು ಮೆಲ್ಲಗೆ ಹೇಳಿ.

ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ. ಆಮೇಲೆ ಏರುತ್ತಾ ಹೋಗಿ ಒಂಬತ್ತು ಹತ್ತು ವರ್ಷದ ಹೊತ್ತಿಗೆ ತೀರಾ ಜಾಸ್ತಿ ಇರುತ್ತದೆ. ಹರೆಯಕ್ಕೆ ಬಂದಂತೆ ಹೆಚ್ಚಿನವರಿಗೆ ಇಳಿಯುತ್ತದೆ. ನಿಮ್ಮ ಮಗ ಈಗ ಸರಿಯಾಗಿ ಆ ಜೋರಿನ ವಯಸ್ಸಿನಲ್ಲಿದ್ದಾನೆ. ಮೈಗ್ರೇನ್ ಇರುವವರಿಗೆ ಈ ಕಾಟ ಜಾಸ್ತಿ, ಮನೆತನದಲ್ಲಿ ಹರಿದು ಬರುವುದೂ ಉಂಟು. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ ಹೆಂಗಸರಿಗೆ ಇನ್ನೂ ಹೆಚ್ಚು.

ಈಗ ರೈಡ್‌ಗಳ ವಿಷಯ. ನೋಡುವುದಕ್ಕೆ ಭಯ ಆಗುವ ರೈಡೇ ವಾಂತಿ ಬರಿಸುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ. ರೋಲರ್ ಕೋಸ್ಟರ್ ಎದೆ ನಡುಗಿಸುತ್ತದೆ, ಆದರೆ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಹೊಟ್ಟೆ ತೊಳಸುವಷ್ಟು ಸಮಯವನ್ನೇ ಕೊಡುವುದಿಲ್ಲ. ಕಷ್ಟ ಕೊಡುವುದು ಎರಡು ಜಾತಿ. ಒಂದು, ಕೂತ ಜಾಗದಲ್ಲೇ ಗಿರಗಿರ ತಿರುಗುವಂಥದ್ದು, ಟೀ ಕಪ್ ತರಹದ್ದು. ಇನ್ನೊಂದು, ಕೊಲಂಬಸ್ ತರಹ ನಿಧಾನಕ್ಕೆ ತೂಗುವಂಥದ್ದು. ಐದು ಸೆಕೆಂಡಿಗೆ ಒಂದು ಸಲ ಏರಿ ಇಳಿಯುವಷ್ಟು ನಿಧಾನದ ಚಲನೆಯೇ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಕೆಡಿಸುತ್ತದೆ. ಸಮುದ್ರದಲ್ಲಿ ದೋಣಿ ಮಾಡುವುದೂ ಅದನ್ನೇ. ಹಾಗಾಗಿ ಜಾತ್ರೆಯಲ್ಲಿ ಮಗನನ್ನು ಹತ್ತಿಸಿದ್ದು ಅವನಿಗೆ ತೀರಾ ಕಷ್ಟದ ರೈಡಿಗೇ. ಅದನ್ನು ನೋಡಿ ಉಳಿದದ್ದೆಲ್ಲ ಅವನಿಗೆ ಆಗದು ಅಂತ ತೀರ್ಮಾನ ಮಾಡಬೇಡಿ.

ಕೂರುವುದರಲ್ಲೂ ಕ್ರಮ ಇದೆ. ಕೊಲಂಬಸ್‌ನಲ್ಲಿ ತುದಿಯ ಸೀಟು ಬೇಡ, ನಡುವಿನದು ಕಡಿಮೆ ತೂಗುತ್ತದೆ. ತಲೆಯನ್ನು ಹಿಂದಕ್ಕೆ ಸೀಟಿಗೆ ಒರಗಿಸಿ ಅಲ್ಲಾಡದ ಹಾಗೆ ಇಡಬೇಕು. ತಿರುಗುತ್ತಿರುವಾಗ ತಲೆ ಬಗ್ಗಿಸುವುದು, ಪಕ್ಕಕ್ಕೆ ವಾಲಿಸುವುದು ಬಹಳ ಕೆಟ್ಟದ್ದು. ಆಗ ಕಿವಿಯ ಬೇರೆ ಬೇರೆ ನಾಳಗಳು ಒಟ್ಟಿಗೇ ಗೊಂದಲಕ್ಕೆ ಬೀಳುತ್ತವೆ. ಬಿದ್ದ ಚಪ್ಪಲಿ ನೋಡಲು ಬಗ್ಗುವುದು, ವಿಡಿಯೋ ಮಾಡುವುದು ಎರಡೂ ಬೇಡ. ಕೋಸ್ಟರ್‌ನಲ್ಲಿ ಕಣ್ಣು ಬಿಟ್ಟು ಮುಂದಿನ ಹಳಿ ನೋಡಲಿ. ತಿರುಗುವ ರೈಡ್‌ನಲ್ಲಿ ಹೊರಗಿನ ಮರ, ಜನ ನೋಡದೆ ಎದುರಿನ ಹಿಡಿಕೆಯನ್ನೋ ಎದುರು ಕೂತವರ ಮುಖವನ್ನೋ ನೋಡಲಿ.

ಪ್ರಶ್ನೆ (ಅದೇ ತಾಯಿ):

ತುಂಬಾ ಧನ್ಯವಾದ ಡಾಕ್ಟ್ರೇ. ಘಟ್ಟಕ್ಕೆ ಹೊರಡುವಾಗ ಅವೋಮಿನ್ ಕೊಡುತ್ತೇವೆ. ಅದನ್ನೇ ವಂಡರ್‌ಲಾ ಗೇಟಿನ ಹತ್ತಿರ ಕೊಟ್ಟರೆ ಆಗುತ್ತದಾ?

ಉತ್ತರ:

ಗೇಟಿನ ಹತ್ತಿರ ಕೊಟ್ಟರೆ ಪ್ರಯೋಜನ ಇಲ್ಲ. ಅವೋಮಿನ್ ಅಂದರೆ ಪ್ರೊಮೆಥಜಿನ್. ಅದು ಕೆಲಸ ಶುರು ಮಾಡುವುದಕ್ಕೆ ಸಮಯ ಬೇಕು, ಹೊರಡುವ ಒಂದೆರಡು ಗಂಟೆ ಮೊದಲೇ ಹೊಟ್ಟೆಗೆ ಹೋಗಿರಬೇಕು. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ವಾಂತಿಯಲ್ಲೇ ಹೊರಗೆ ಬರುತ್ತದೆ.

ಇನ್ನೂ ಮುಖ್ಯವಾದದ್ದು ನಿದ್ದೆ. ಈ ಮಾತ್ರೆ ತೆಗೆದುಕೊಂಡವರಿಗೆ ಗಂಟೆಗಟ್ಟಲೆ ಮಂಪರು ಇರುತ್ತದೆ. ಮಂಪರಿನಲ್ಲಿರುವ ಮಗುವನ್ನು ರೈಡ್‌ಗೆ ಹತ್ತಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಕೈ ಹಿಡಿತ ಸಡಿಲ, ಕತ್ತು ವಾಲುತ್ತದೆ. ಕೆಲವು ಮಕ್ಕಳಿಗೆ ಉಲ್ಟಾ ಆಗಿ ಮೈ ತುಂಬಾ ಚಡಪಡಿಕೆ ಬರುವುದೂ ಇದೆ. ಅದಕ್ಕೇ ನನ್ನ ಸಲಹೆ, ಪ್ರಯಾಣದ ದಿನ ಬೇರೆ, ಆಟದ ದಿನ ಬೇರೆ ಮಾಡಿ. ಮಾತ್ರೆ ಘಟ್ಟಕ್ಕೆ ಇರಲಿ. ಬೆಂಗಳೂರಿನಲ್ಲಿ ರಾತ್ರಿ ಚೆನ್ನಾಗಿ ನಿದ್ದೆ ಮಾಡಿಸಿ, ಮರುದಿನ ಬೆಳಿಗ್ಗೆ ವಂಡರ್‌ಲಾ ಇರುವ ಬಿಡದಿ ಕಡೆ ಹೊರಡಿ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ ಬೆಳಿಗ್ಗೆ ನೇರ ಗೇಟಿಗೆ ಇಳಿಯುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ನಿದ್ದೆಗೆಟ್ಟವರಿಗೆ ಹೊಟ್ಟೆ ಬೇಗ ತೊಳಸುತ್ತದೆ.

ಎರಡು ವರ್ಷದೊಳಗಿನ ಮಗುವಿಗೆ ಈ ಮಾತ್ರೆ ಕೊಡಲೇಬಾರದು. ದೊಡ್ಡ ಮಕ್ಕಳಿಗೂ ಎಷ್ಟು ಕೊಡಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ವಯಸ್ಸು, ತೂಕ ನೋಡಿ ಹೇಳಲಿ, ಹೀಗೆ ಎಲ್ಲರ ಎದುರು ನಾನು ಹೇಳುವುದಿಲ್ಲ. ದೊಡ್ಡವರು ಮಾತ್ರೆ ತೆಗೆದುಕೊಂಡು ಗಾಡಿ ಓಡಿಸಬಾರದು, ಮದ್ಯದ ಜೊತೆ ಬೇಡವೇ ಬೇಡ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ), ಪ್ರಾಸ್ಟೇಟ್ ತೊಂದರೆ ಇದ್ದವರು ಕೇಳಿಯೇ ತೆಗೆದುಕೊಳ್ಳಬೇಕು. ವಾಂತಿಗೆ ಅಂತ ಮನೆಯಲ್ಲಿ ಉಳಿದ ಒಂಡಾನ್ಸೆಟ್ರಾನ್ ಕೊಡುವವರೂ ಇದ್ದಾರೆ. ಹೊಟ್ಟೆ ಕೆಟ್ಟು ಬರುವ ವಾಂತಿಗೆ ಅದು ಒಳ್ಳೆಯ ಔಷಧಿ. ಈ ವಾಂತಿಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ.

ಪ್ರಶ್ನೆ (ಅಂಕೋಲಾದ ಚಾಲಕರು):

ಸಾರ್, ಅರಬೈಲ್ ಘಟ್ಟದಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದ್ದೇನೆ, ಒಂದು ದಿನವೂ ಏನೂ ಆಗಿಲ್ಲ. ಪಕ್ಕದ ಸೀಟಿನಲ್ಲಿ ಕೂತರೆ ಮಾತ್ರ ಹೊಟ್ಟೆ ತೊಳಸುತ್ತದೆ. ರೈಡ್‌ನಲ್ಲೂ ಹಾಗೇ. ಯಾಕೆ?

ಉತ್ತರ:

ಅಣ್ಣಾ, ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇದ್ದಾಗ ತಿರುವು ಬರುತ್ತದೆ ಅಂತ ಮಿದುಳಿಗೆ ಮೊದಲೇ ಗೊತ್ತು. ಕಣ್ಣು ರಸ್ತೆಯ ಮೇಲೆ ಇರುತ್ತದೆ, ತಲೆಯೂ ತಿರುವಿನ ಕಡೆಗೆ ತಾನಾಗಿ ವಾಲುತ್ತದೆ. ರೈಡ್‌ನಲ್ಲಿ ಮುಂದೆ ಏನಾಗುತ್ತದೆ ಅಂತ ಗೊತ್ತಿಲ್ಲ, ಎಲ್ಲ ಹಠಾತ್. ಹಾಗಾಗಿ ಹತ್ತುವ ಮೊದಲು ಕೆಳಗೆ ನಿಂತು ಆ ರೈಡ್ ಒಂದು ಸುತ್ತು ಹೇಗೆ ಹೋಗುತ್ತದೆ ಅಂತ ಪೂರ್ತಿ ನೋಡಿ. ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ ಗೊತ್ತಿದ್ದರೆ ಕಷ್ಟ ಕಡಿಮೆ. ಕುಮಟಾದ ಅಕ್ಕನ ಮಗನಿಗೂ ಇದನ್ನು ಮಾಡಿಸಿ.

ಪ್ರಶ್ನೆ (ಕಾರವಾರದಿಂದ ಕಾಲೇಜು ಹುಡುಗಿ):

ಸರ್, ನನಗೆ ತಿರುಗುವ ರೈಡ್ ಏನೂ ಮಾಡುವುದಿಲ್ಲ. ಆದರೆ ದೊಡ್ಡ ಪರದೆ ಎದುರು ಸೀಟು ಅಲ್ಲಾಡಿಸುವ ಸಿನಿಮಾ ಶೋಗೆ ಹೋದರೆ ತಲೆ ತಿರುಗುತ್ತದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದಾಗ ದೋಣಿಯಲ್ಲೂ ಹೀಗೇ ಆಯಿತು.

ಉತ್ತರ:

ಪರದೆಯ ಶೋದಲ್ಲಿ ಜಗಳ ಉಲ್ಟಾ ನಡೆಯುತ್ತದೆ. ಕಣ್ಣು ಹಾರುತ್ತಿದೆ ಅನ್ನುತ್ತದೆ, ಕಿವಿಗೆ ಅಷ್ಟು ಚಲನೆ ಸಿಗುವುದಿಲ್ಲ. ಅಲ್ಲಿ ಪರಿಹಾರ ಸುಲಭ, ಕಣ್ಣು ಮುಚ್ಚಿ. ಹಿಂದಿನ ಸಾಲಿನಲ್ಲಿ ಕೂತರೆ ಪರದೆಯ ಅಂಚು, ಗೋಡೆ ಕಣ್ಣಿಗೆ ಬೀಳುತ್ತದೆ, ಅದೂ ಸಹಾಯ. ನೇತ್ರಾಣಿ ದಡದಿಂದ ಸುಮಾರು 19 ಕಿಮೀ ಇದೆ, ದೋಣಿಯಲ್ಲಿ ಒಳ್ಳೆ ಹೊತ್ತು ಕೂರಬೇಕು. ನಡುಭಾಗದಲ್ಲಿ, ಡೀಸೆಲ್ ಹೊಗೆ ಬರದ ಕಡೆ ಕೂತು, ಆಕಾಶ ಸಮುದ್ರ ಸೇರುವ ಗೆರೆಯನ್ನೇ ನೋಡುತ್ತಿರಿ.

ಪ್ರಶ್ನೆ (ಸಿದ್ದಾಪುರದಿಂದ ಒಬ್ಬರು):

ನಮ್ಮಲ್ಲಿ ಬಸ್ಸಿಗೆ ಹೊರಟರೆ ಕೈಯಲ್ಲಿ ಲಿಂಬೆಹಣ್ಣು, ಬಾಯಲ್ಲಿ ಶುಂಠಿ. ಇದೆಲ್ಲ ಸುಮ್ನೆ ನಂಬಿಕೆಯಾ? ಖಾಲಿ ಹೊಟ್ಟೆಯಲ್ಲಿ ಹೋಗುವುದು ಒಳ್ಳೆಯದು ಅಂತಲೂ ಹೇಳುತ್ತಾರೆ.

ಉತ್ತರ:

ಶುಂಠಿ ಸುಮ್ನೆ ಅಲ್ಲ. ಹೊಟ್ಟೆ ತೊಳಸುವುದನ್ನು ಅದು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ, ಮಾತ್ರೆಯಷ್ಟು ಬಲ ಇಲ್ಲ. ಲಿಂಬೆಯ ವಾಸನೆಯಿಂದ ಡೀಸೆಲ್, ಬೆವರು, ಎಣ್ಣೆ ತಿಂಡಿಯ ವಾಸನೆ ಮರೆಯಾಗುತ್ತದೆ, ಮೂಸಿ. ನಿಮಗೆ ಹಿತ ಅನ್ನಿಸಿದರೆ ಅಷ್ಟೇ ಸಾಕು. ಖಾಲಿ ಹೊಟ್ಟೆ ಮಾತ್ರ ಬೇಡ. ಖಾಲಿ ಹೊಟ್ಟೆಗೂ ತೊಳಸುತ್ತದೆ, ತುಂಬಿದ ಹೊಟ್ಟೆಗೂ ತೊಳಸುತ್ತದೆ. ಬೆಳಿಗ್ಗೆ ಎರಡು ಇಡ್ಲಿಯೋ ತೆಳ್ಳೇವೋ ತಿಂದು ಹೋಗಿ. ಬೋಂಡ, ಪೂರಿ ವಾಪಸ್ ಬಂದ ಮೇಲೆ. ಊಟ ಆದಮೇಲೆ ಒಂದು ಗಂಟೆಯಾದರೂ ರೈಡ್ ಬೇಡ, ಆ ಹೊತ್ತಲ್ಲಿ ನೆರಳಿನಲ್ಲಿ ಕೂತಿರಿ. ಬಿಸಿಲಿನಲ್ಲಿ ಸರದಿ ನಿಂತು ಬಾಯಾರಿ ಹತ್ತಿದರೂ ಕಷ್ಟ, ನೀರು ಕುಡಿಯುತ್ತಾ ಇರಿ.

ಪ್ರಶ್ನೆ (ಕುಮಟಾದ ತಾಯಿ):

ಅತ್ತೆಗೆ 64 ವರ್ಷ, ಬಿಪಿ ಇದೆ. ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೋಣೆಯೇ ತಿರುಗಿದ ಹಾಗೆ ಆಗುತ್ತದೆ ಅನ್ನುತ್ತಾರೆ. ಅವರೂ ಒಂದು ರೈಡ್ ಹತ್ತುತ್ತೇನೆ ಅನ್ನುತ್ತಿದ್ದಾರೆ.

ಉತ್ತರ:

ಅದು ಬೇರೆಯೇ ವಿಷಯ, ದಯವಿಟ್ಟು ಹೊರಡುವ ಮೊದಲು ತೋರಿಸಿ. ಮಗ್ಗುಲು ಬದಲಿಸಿದಾಗ ಅರ್ಧ ನಿಮಿಷ, ಒಂದು ನಿಮಿಷ ತಿರುಗಿ ನಿಲ್ಲುವುದು ಹೆಚ್ಚಾಗಿ ಒಳಕಿವಿಯ ಸಣ್ಣ ಹರಳುಗಳು ಜಾಗ ಬಿಟ್ಟು ನಾಳದೊಳಗೆ ಹೋದಾಗ. ಮಲಗಿಸಿ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿದರೆ ಆ ಹರಳು ವಾಪಸ್ ಜಾಗಕ್ಕೆ ಹೋಗುತ್ತದೆ, ಎಷ್ಟೋ ಜನರಿಗೆ ಒಂದೇ ಭೇಟಿಯಲ್ಲಿ ಸರಿಯಾಗುತ್ತದೆ. ಹಾಗೆಯೇ ಬಿಟ್ಟು ರೈಡ್‌ಗೆ ಹತ್ತಿಸಬೇಡಿ. ತಲೆಸುತ್ತಿಗೆ ಅಂತ ತಿಂಗಳುಗಟ್ಟಲೆ ಸಿನ್ನಾರಿಜಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ವಯಸ್ಸಾದವರಲ್ಲಿ ಅದರಿಂದ ಕೈ ನಡುಕ, ನಡಿಗೆ ನಿಧಾನ ಆಗುವುದು ಉಂಟು. ಬಿಪಿ ಹತೋಟಿಯಲ್ಲಿ ಇದ್ದರೂ ಜೋರಿನ ರೈಡ್ ಬೇಡ. ಹೃದಯದ ತೊಂದರೆ, ಕತ್ತು ಬೆನ್ನಿನ ನೋವು ಇರುವವರಿಗೂ, ಬಸುರಿಯರಿಗೂ ಅದೇ ಮಾತು.

ಪ್ರಶ್ನೆ (ಅದೇ ತಾಯಿ):

ಕೊನೆಯದಾಗಿ, ಅಲ್ಲೇ ಮಗನಿಗೆ ಶುರುವಾದರೆ ಏನು ಮಾಡುವುದು? ಹೆದರಿಕೆ ಹೋಗುತ್ತದಾ?

ಉತ್ತರ:

ವಾಂತಿಗಿಂತ ಮೊದಲು ಮೈ ಹೇಳುತ್ತದೆ. ಆಕಳಿಕೆ, ಬಾಯಲ್ಲಿ ನೀರು ಊರುವುದು, ತಣ್ಣನೆ ಬೆವರು, ಮುಖ ಬಿಳಿಚುವುದು, ಮಾತು ನಿಲ್ಲುವುದು. ಇವುಗಳಲ್ಲಿ ಒಂದು ಕಂಡರೂ ಮುಂದಿನ ರೈಡ್ ಇಲ್ಲ. ಇದು ಕೂಡುತ್ತಾ ಹೋಗುವ ಸಂಕಟ, ಒಂದರ ಮೇಲೊಂದು ಹತ್ತಿದರೆ ಮೂರನೆಯದರಲ್ಲಿ ಕಟ್ಟೆ ಒಡೆಯುತ್ತದೆ. ನೆರಳಲ್ಲಿ ಕೂರಿಸಿ, ಗಾಳಿ ಬರಲಿ, ತಲೆ ಒರಗಿಸಿ ದೂರದ ಅಲ್ಲಾಡದ ವಸ್ತು ನೋಡಲಿ. ವಾಂತಿ ಆಗಿಬಿಟ್ಟರೆ ಸ್ವಲ್ಪ ಹೊತ್ತು ಬಿಟ್ಟು ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧರ್ಧ ಮಾಡಬೇಡಿ. ಒಂದು ಜೊತೆ ಬಟ್ಟೆ, ನಾಲ್ಕು ಪ್ಲಾಸ್ಟಿಕ್ ಕವರ್ ಚೀಲದಲ್ಲಿ ಇರಲಿ. ರೈಡ್ ಇಳಿದ ಮೇಲೆ ಜೋರು ತಲೆನೋವು, ಕತ್ತು ನೋವು, ಮಾತು ತೊದಲುವುದು, ಒಂದು ಕೈ ಕಾಲು ಸೋಲುವುದು ಕಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ.

ಹೆದರಿಕೆ ಹೋಗುವುದು ಅವನೇ ಆರಿಸಿಕೊಂಡಾಗ. ಮೊದಲು ನೀರಿನ ಆಟಗಳಲ್ಲಿ ಬಿಡಿ, ಆಮೇಲೆ ನೇರ ಹೋಗಿ ಬರುವ ಸಣ್ಣ ರೈಡ್, ತಿರುಗುವುದು ಇದ್ದರೆ ದಿನದ ಕೊನೆಗೆ, ಅದೂ ಅವನು ಕೇಳಿದರೆ. ಮೈಗೆ ನಿಧಾನಕ್ಕೆ ಅಭ್ಯಾಸ ಆಗುವುದು ನಿಜ, ಆದರೆ ಸ್ವಲ್ಪ ಸ್ವಲ್ಪವೇ ಮಾಡಿದರೆ. ಹಿಡಿದು ಕೂರಿಸಿದರೆ ಮುಂದಿನ ಸಲ ರೈಡ್ ನೋಡಿದರೇ ಹೊಟ್ಟೆ ತೊಳಸುತ್ತದೆ. ಬೇಡ ಅಂದರೆ ನೀವೂ ಅವನೂ ಕೆಳಗೆ ನಿಂತು ಐಸ್‌ಕ್ರೀಮ್ ತಿನ್ನಿ, ಮಗಳ ಜೊತೆ ಅಪ್ಪ ಹತ್ತಲಿ. ಸುತ್ತ ಯಾರಾದರೂ ನಕ್ಕರೆ ಅಪ್ಪನೇ ಅವನ ಹೆಗಲ ಮೇಲೆ ಕೈ ಹಾಕಿ ನಿಲ್ಲಲಿ. ಅತ್ತೆಯವರನ್ನು ಶನಿವಾರದೊಳಗೆ ಕರೆದುಕೊಂಡು ಬನ್ನಿ, ಬರುವಾಗ ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ತನ್ನಿ.