ಅಪ್ಪ ತಂದ ಕಲ್ಲಿನಲ್ಲಿರುವುದು ಮರುವಾಯಿನಾ, ಬೇರೆ ಏನಾದರೂನಾ?

ಮಾದಾಪುರ ತೋಟದವ:
ಅಪ್ಪ ಸೈನ್ಯದಲ್ಲಿದ್ದಾಗ ಹಿಮಾಲಯದ ಸ್ಪಿತಿ ಕಣಿವೆ ಕಡೆಯಿಂದ ಒಂದು ಕಲ್ಲು ತಂದಿದ್ದರು. ಮುಷ್ಟಿಯಷ್ಟು ದೊಡ್ಡದು, ಕಪ್ಪು ಬೂದು ಬಣ್ಣ. ನಲವತ್ತು ವರ್ಷ ಅದು ತೋಟದ ಹಾಜರಿ ಪುಸ್ತಕದ ಮೇಲೆ ಕೂತಿತ್ತು, ಗಾಳಿಗೆ ಹಾಳೆ ಹಾರದ ಹಾಗೆ. ಮೊನ್ನೆ ಮಳೆಗಾಲದ ಬೂಷ್ಟು ಒರೆಸುವಾಗ ನೋಡಿದರೆ ಒಂದು ಬದಿಯಲ್ಲಿ ಚಿಪ್ಪು! ಮೈಯೆಲ್ಲ ಗೆರೆ, ನಡುವೆ ದಿಬ್ಬ, ಎರಡು ಪಕ್ಕಕ್ಕೂ ರೆಕ್ಕೆ ಚಾಚಿದ ಹಾಗಿದೆ. ಮಗಳು ಇದು ಬ್ರಾಕಿಯೊಪಾಡ್ ಅನ್ನೋ ಚಿಪ್ಪಿನ ಸಮುದ್ರಪ್ರಾಣಿ ಅಂತಾಳೆ. ನಾನು ಮಂಗಳೂರಿನ ಕಡೆ ತಿನ್ನುವ ಚಿಪ್ಪುಪ್ರಾಣಿ ಮರುವಾಯಿ ಅಂದೆ. ಯಾರು ಸರಿ? ಕೊಡಗಿನ ನಮ್ಮ ತೋಟದಲ್ಲೂ ಇಂಥದ್ದು ಸಿಗಬಹುದಾ?

ಕಲ್ಲುಹುಚ್ಚ:
ಮಗಳೇ ಸರಿ ಅಣ್ಣ. ಮರುವಾಯಿಯ ಎರಡು ಚಿಪ್ಪು ಪ್ರಾಣಿಯ ಎಡಕ್ಕೊಂದು, ಬಲಕ್ಕೊಂದು. ಬ್ರಾಕಿಯೊಪಾಡ್‌ದು ಬೆನ್ನಿಗೊಂದು, ಹೊಟ್ಟೆಗೊಂದು. ಆ ದಿಬ್ಬದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎರಡು ಅರ್ಧವೂ ಒಂದೇ ತರಹ ಇರುತ್ತದೆ. ಮರುವಾಯಿಯಲ್ಲಿ ಹಾಗೆ ಬರಲ್ಲ. ರೆಕ್ಕೆ ಅಂದಿರಲ್ಲ, ಬ್ರಾಕಿಯೊಪಾಡ್‌ಗಳಲ್ಲೇ ಸ್ಪಿರಿಫರ್ ಅನ್ನೋ ಬಳಗದ್ದು ಇರಬೇಕು. ಚೀನಾದಲ್ಲಿ ಇವನ್ನು ‘ಕಲ್ಲಿನ ಅಂಬರಗುಬ್ಬಿ’ ಅಂತ ಕರೆದು ಔಷಧಿಗೂ ಅರೆಯುತ್ತಿದ್ದರು. ನೀವು ಅರೆಯಬೇಡಿ!
ತೋಟದಲ್ಲಿ ಹುಡುಕಿ ಸುಮ್ನೆ ಬೆನ್ನು ನೋಯಿಸಿಕೊಳ್ಳಬೇಡಿ. ಈ ಪ್ರಾಣಿಗಳು ಬಂದದ್ದೇ ಸುಮಾರು 53 ಕೋಟಿ ವರ್ಷದ ಹಿಂದೆ. ಕೊಡಗಿನ ಬಂಡೆಗೆ 300 ಕೋಟಿ ದಾಟಿದೆ, ಅದೂ ಭೂಮಿಯ ಆಳದಲ್ಲಿ ಬೆಂದು ಬಂದದ್ದು.

ಮಾದಾಪುರ ತೋಟದವ:
ಸೋತೆ. ಆದರೆ ಸಮುದ್ರದ ಪ್ರಾಣಿ ಆ ಬೆಟ್ಟಕ್ಕೆ ಹೇಗೆ ಹತ್ತಿತು?

ಗೋಣಿಕೊಪ್ಪ ಟೀಚರ್:
ಪ್ರಾಣಿ ಹತ್ತಲಿಲ್ಲ ಸಾರ್, ಸಮುದ್ರದ ತಳವೇ ಮೇಲೆದ್ದಿತು. ಸ್ಪಿತಿ ಆಗ ಗೊಂಡ್ವಾನ ಅನ್ನೋ ಹಳೇ ದೊಡ್ಡ ಖಂಡದ ಅಂಚು, ಟೆಥಿಸ್ ಅನ್ನೋ ಹಳೇ ಸಮುದ್ರದ ಕೆಳಗಿತ್ತು. ಭಾರತ ಹೋಗಿ ಏಷ್ಯಾಕ್ಕೆ ಗುದ್ದಿದಾಗ ಕೆಸರು, ಚಿಪ್ಪು ಎಲ್ಲ ಮಡಚಿಕೊಂಡು ಎದ್ದವು.
ನನಗೆ ಇಷ್ಟವಾದದ್ದು ಇವು ಹರಡುವ ರೀತಿ. ಈ ಬಳಗದವು ದೊಡ್ಡದಾದ ಮೇಲೆ ಕೂತಲ್ಲೇ ಕೂತಿರುತ್ತವೆ. ಈಜುವುದು ಮರಿ ಮಾತ್ರ. ಇಂದು ಬದುಕಿರುವ ಹೆಚ್ಚಿನ ಜಾತಿಗಳ ಮರಿಗಳೂ ಕೆಲವು ಗಂಟೆ ಅಥವಾ ಕೆಲವು ದಿನ ಈಜಿ ಎಲ್ಲೋ ಅಂಟಿಕೊಳ್ಳುತ್ತವೆ. ಹಾಗಾಗಿ ಆಳದ ಸಮುದ್ರ ದಾಟುವುದು ಕಷ್ಟ. ದೂರದ ಎರಡು ಕಡೆ ಒಂದೇ ಜಾತಿ ಸಿಕ್ಕರೆ, ಒಂದು ಕಾಲಕ್ಕೆ ಅವು ನೆರೆಮನೆ ಇದ್ದಿರಬೇಕು ಅಂತ ಊಹಿಸಬಹುದು. ಮಧ್ಯಪ್ರದೇಶದ ಉಮರಿಯಾದಲ್ಲೂ ಪರ್ಮಿಯನ್ ಕಾಲದ (ಸುಮಾರು 30ರಿಂದ 25 ಕೋಟಿ ವರ್ಷ ಹಿಂದಿನ) ಬ್ರಾಕಿಯೊಪಾಡ್ ಸಿಕ್ಕಿವೆ. ಅಲ್ಲಿಯವರೆಗೂ ಸಮುದ್ರ ನುಗ್ಗಿತ್ತು ಅಂತಾಯಿತು, ಅಲ್ವಾ?
25.2 ಕೋಟಿ ವರ್ಷದ ಹಿಂದಿನ ಮಹಾನಾಶದಲ್ಲಿ ಹೆಚ್ಚಿನವು ಹೋದವು. ಆಮೇಲೆ ಸಮುದ್ರದಲ್ಲಿ ಮರುವಾಯಿ ಕುಲದ್ದೇ ಕಾರುಬಾರು ಜಾಸ್ತಿ.

ಮಾದಾಪುರ ತೋಟದವ:
ಗೆರೆ ಎಳೆದು ನೋಡಿದೆವು, ಎರಡು ಅರ್ಧವೂ ಸರಿಸಮ. ಕಲ್ಲು ಈಗ ಮಗಳ ಮೇಜಿನ ಮೇಲಿದೆ, ಕೇಳಿದರೆ ಕೊಡಲ್ಲ. ಹಾಜರಿ ಪುಸ್ತಕದ ಮೇಲೆ ಕತ್ತಿ ಮಸೆಯುವ ಕಲ್ಲು ಇಟ್ಟಿದ್ದೇನೆ.