ಇಂಗ್ಲೆಂಡಿನ ಹಳ್ಳಿ ಚರ್ಚ್ ಅಂಗಳದ ಸಮಾಧಿ ಕಲ್ಲುಗಳನ್ನು ಓದುವುದು ಹೇಗೆ?

ಪ್ರಶ್ನೆ: ಲೆಸ್ಟರ್‌ಶೈರ್‌ನ ಹಳ್ಳಿಯೊಂದರಲ್ಲಿದ್ದೇವೆ. ಊರವರು ಚರ್ಚ್ ಅಂಗಳದ ಸುಮಾರು 200 ಸಮಾಧಿ ಕಲ್ಲುಗಳ ಬರಹವನ್ನು ದಾಖಲಿಸುತ್ತಿದ್ದಾರೆ, ನಾನೂ ಸೇರಿದ್ದೇನೆ. ಹಲವು ಕಲ್ಲುಗಳನ್ನು ಓದಲಾಗುತ್ತಿಲ್ಲ. ಉಜ್ಜಿ ತೊಳೆಯಬಹುದೇ? ತಿಳಿದವರು ಹೇಳಿ.

ಉತ್ತರ 1
ದಯವಿಟ್ಟು ಉಜ್ಜಬೇಡಿ. ನಿಮಗೆ ಬೇಕಿರುವುದು ನೀರಲ್ಲ, ಓರೆ ಬೆಳಕು. ಈ ಸಮಾಧಿಗಳು ಸಾಮಾನ್ಯವಾಗಿ ಪೂರ್ವ-ಪಶ್ಚಿಮವಾಗಿರುತ್ತವೆ, ಹಾಗಾಗಿ ಬರಹದ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರುತ್ತದೆ. ಸೂರ್ಯ ನೇರ ದಕ್ಷಿಣಕ್ಕೆ ಬಂದಾಗ, ಅಂದರೆ ಬೇಸಿಗೆಯ ಗಡಿಯಾರದಲ್ಲಿ ಮಧ್ಯಾಹ್ನ 1ರ ಆಸುಪಾಸಿನಲ್ಲಿ, ಬಿಸಿಲು ಕಲ್ಲಿನ ಮುಖವನ್ನು ಸವರಿಕೊಂಡು ಹೋಗುತ್ತದೆ. ಬೆಳಿಗ್ಗೆ ಬೋಳಾಗಿ ಕಂಡ ಕಲ್ಲಿನ ಮೇಲೆ ಆಗ ಸಾಲುಗಳು ಎದ್ದು ಬರುತ್ತವೆ. ಮರದ ನೆರಳಿನಲ್ಲಿದ್ದರೆ ಒಬ್ಬರು ಬಿಸಿಲಿನಲ್ಲಿ ಉದ್ದ ಕನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಹಾಯಿಸಬೇಕು. ಮೋಡವಿದ್ದರೆ ಮುಸ್ಸಂಜೆಯಲ್ಲಿ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿಯಿರಿ.

ಒಂದೇ ಕಡೆಯ ಬೆಳಕಿನ ಫೋಟೋ ಮಾತ್ರ ನಂಬಬೇಡಿ. ಗೆರೆಯ ಉದ್ದಕ್ಕೇ ಬೆಳಕು ಹರಿದರೆ ಆ ಗೆರೆಗೆ ನೆರಳು ಬೀಳುವುದಿಲ್ಲ. ಪಕ್ಕದ ಬೆಳಕಿನಲ್ಲಿ 7ರ ತಲೆಗೆರೆ ಮಾಯವಾಗಿ 1 ಎಂದು ಓದಿಸಿಕೊಳ್ಳುತ್ತದೆ. ಇಸವಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಎಡ, ಬಲ, ಮೇಲಿಂದ, ಮೂರು ಫೋಟೋ ತೆಗೆಯಿರಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಕಲ್ಲಿನ ಜಾತಿಯನ್ನೂ ನೋಡಿಕೊಳ್ಳಿ. ನಿಮ್ಮ ಕಡೆ ಸ್ವಿದ್‌ಲ್ಯಾಂಡ್ ಸ್ಲೇಟ್ (ಲೆಸ್ಟರ್‌ಶೈರ್‌ನದೇ ಪದರಗಲ್ಲು) ಇರುತ್ತದೆ: ಮುಂಭಾಗ ನುಣುಪು, ಹಿಂಭಾಗ ಒರಟು, 18ನೇ ಶತಮಾನದ ಅಕ್ಷರವೂ ನಿನ್ನೆ ಕೊರೆದಂತಿರುತ್ತದೆ. ಸುಣ್ಣಕಲ್ಲು ಮಳೆಗೆ ಸವೆಯುತ್ತದೆ. ಮರಳುಗಲ್ಲಿನ ಮುಖ ಹಪ್ಪಳದಂತೆ ಪದರವಾಗಿ ಎದ್ದಿದ್ದರೆ ಮುಟ್ಟಲೇಬೇಡಿ, ಬೆರಳು ತಗುಲಿದರೂ ಅರ್ಧ ಹೆಸರು ಉದುರುತ್ತದೆ.

ತಂತಿ ಬ್ರಷ್, ಬ್ಲೀಚ್, ಶೇವಿಂಗ್ ಫೋಮ್, ಹಿಟ್ಟು ಯಾವುದೂ ಬೇಡ. ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ ಅಲ್ಲಿ ಬಿಳಿ, ಹಳದಿ ಮಚ್ಚೆಗಳಾಗಿ ಕೂತಿರುತ್ತದೆ. ಕೆಲವು ಜಾತಿಗಳು ವರ್ಷಕ್ಕೆ 1 ಮಿ.ಮೀ.ಗಿಂತ ಕಡಿಮೆ ಬೆಳೆಯುತ್ತವೆ. ಕೆರೆದರೆ ಕಲ್ಲಿನ ಮೇಲ್ಪದರವೂ ಜೊತೆಗೇ ಬರುತ್ತದೆ. ಗಟ್ಟಿ ಸ್ಲೇಟಿನ ಮೇಲೆ ಒಂದಿಷ್ಟು ಶುದ್ಧ ನೀರು ಚಿಮುಕಿಸಬಹುದು. ಮೇಲ್ಮೈ ಮೊದಲು ಒಣಗುತ್ತದೆ, ಕೊರೆದ ಅಕ್ಷರ ಇನ್ನೂ ಒದ್ದೆಯಾಗಿ ಕಪ್ಪಗಿರುತ್ತದೆ. ಆ ಒಂದೆರಡು ನಿಮಿಷದಲ್ಲಿ ಓದಿಕೊಳ್ಳಿ.

ಓದಲು, ಫೋಟೋಗೆ ಪಾದ್ರಿಗಳಿಗೆ ತಿಳಿಸಿದರೆ ಸಾಕು. ಕಲ್ಲು ಮಾತ್ರ ಅದನ್ನು ನಿಲ್ಲಿಸಿದವರ ಸ್ವತ್ತು, ಅವರ ಕಾಲಾನಂತರ ಅದು ಯಾರ ನೆನಪಿನದೋ ಅವರ ವಾರಸುದಾರರದು. ಸ್ವಚ್ಛಗೊಳಿಸುವುದಕ್ಕೂ ಜಾಗ ಬದಲಿಸುವುದಕ್ಕೂ ಕೈಹಾಕುವ ಮೊದಲು ಡಯಾಸಿಸ್‌ನ (ಬಿಷಪ್ ಆಡಳಿತದ ಚರ್ಚ್ ವಲಯ) ಅನುಮತಿ ಕೇಳಿ.

ಉತ್ತರ 3
ಬರೆದುಕೊಳ್ಳುವ ಕ್ರಮ: ಮೊದಲು ನಕ್ಷೆ, ಪ್ರತಿ ಕಲ್ಲಿಗೆ ಒಂದು ಸಂಖ್ಯೆ. ಒಬ್ಬರು ಓದಲಿ, ಒಬ್ಬರು ಬರೆಯಲಿ, ಇನ್ನೊಂದು ದಿನ ಮೂರನೆಯವರು ತಾಳೆ ನೋಡಲಿ. ಸಾಲು ಮುರಿದಲ್ಲಿ ಓರೆಗೆರೆ ಹಾಕಿ, ಕಾಣದ ಅಕ್ಷರಕ್ಕೆ ಚುಕ್ಕೆ ಇಡಿ, ಊಹೆ ತುಂಬಬೇಡಿ. ತಪ್ಪು ಕಾಗುಣಿತವನ್ನೂ ಇದ್ದ ಹಾಗೇ ಇಳಿಸಿ. ಕಾಲ ಬಳಿ ಬರೀ ಮೊದಲಕ್ಷರಗಳಿರುವ ಚಿಕ್ಕ ಕಲ್ಲು ಇನ್ನೊಂದು ಸಮಾಧಿಯಲ್ಲ, ಅದೇ ಸಮಾಧಿಯ ಪಾದಗಲ್ಲು. ಪದದ ನಡುವೆ 'ಎಫ್'ನಂತೆ ಕಾಣುವುದು ಹಳೆಯ ಉದ್ದ 'ಎಸ್' ಇರಬಹುದು. 'ರೆಲಿಕ್ಟ್' ಎಂದರೆ ವಿಧವೆ.

ನಂತರ ಪ್ಯಾರಿಷ್ ರಿಜಿಸ್ಟರ್ ಜೊತೆ ತಾಳೆ ನೋಡಿ, ಅಂದರೆ ಊರ ಚರ್ಚಿನ ದೀಕ್ಷಾಸ್ನಾನ, ಮದುವೆ, ಹೂಳಿದ್ದರ ದಾಖಲೆ ಪುಸ್ತಕ. 1538ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆಯಿಂದ ಶುರುವಾದದ್ದು. ಹಳೆಯವು ಸಾಮಾನ್ಯವಾಗಿ ಕೌಂಟಿ ದಾಖಲೆ ಕಚೇರಿಯಲ್ಲಿರುತ್ತವೆ. 1813ರಿಂದ ಅಚ್ಚು ಮಾಡಿದ ನಮೂನೆ, ಅದರಲ್ಲಿ ವಯಸ್ಸು, ವಾಸದ ಊರು ಸಿಗುತ್ತದೆ. ಕಲ್ಲಿನ ಮೇಲಿರುವುದು ಸತ್ತ ದಿನ, ರಿಜಿಸ್ಟರಿನಲ್ಲಿರುವುದು ಹೂಳಿದ ದಿನ. ಕೆಲ ದಿನಗಳ ವ್ಯತ್ಯಾಸವನ್ನು 'ತಿದ್ದಲು' ಹೋಗಬೇಡಿ. 1752ಕ್ಕಿಂತ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ. ಆದ್ದರಿಂದ 'ಫೆಬ್ರವರಿ 1741' ಎಂದಿದ್ದರೆ ಅದು ನಮ್ಮ ಲೆಕ್ಕದ 1742 ಇರಬಹುದು. ಎರಡನ್ನೂ 1741/2 ಎಂದು ಬರೆಯಿರಿ.

ಪ್ರಶ್ನೆ ಕೇಳಿದವರು: ಧನ್ಯವಾದ. ವಾಲಿರುವ ಕಲ್ಲುಗಳು ನಾಲ್ಕಿವೆ, ಅವುಗಳನ್ನು ಏನು ಮಾಡಲಿ?

ಉತ್ತರ 2
ಅಲ್ಲಾಡುತ್ತದೆಯೇ ಎಂದು ನೂಕಿ ನೋಡಬೇಡಿ, ಮೊಣಕಾಲೂರಿ ಅದರ ಮುಂದೆ ಕೂರಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ದೂರದಿಂದ ಜೂಮ್ ಮಾಡಿ ಫೋಟೋ ತೆಗೆದು, ಕಲ್ಲಿನ ಸಂಖ್ಯೆ ಬರೆದು ಅಂದೇ ಚರ್ಚ್‌ವಾರ್ಡನ್‌ಗೆ (ಚರ್ಚಿನ ಆಸ್ತಿಪಾಸ್ತಿ ನೋಡಿಕೊಳ್ಳುವವರು) ಕೊಡಿ.