ಡೆನ್ಮಾರ್ಕಿನ ಹಳೆಯ ಕುರ್ಚಿ, ದೀಪ, ಕಲ್ಲಚ್ಚಿನ ಚಿತ್ರ: ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಕುಕ್ಕರಹಳ್ಳಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಕೋಪನ್‌ಹೇಗನ್ನಿಗೆ ಬಂದು ನನಗೆ ನಾಲ್ಕು ವರ್ಷಗಳಾದವು. ಇನ್ನೆರಡು ವರ್ಷಗಳಲ್ಲಿ ಸಂಸಾರಸಮೇತ ಮೈಸೂರಿಗೆ ಮರಳಬೇಕೆಂದಿದ್ದೇವೆ. ಹಿಂದಿನ ಬೇಸಿಗೆಯಲ್ಲಿ ಇಲ್ಲೇ ಹತ್ತಿರದ ಓರ್ಡ್ರೂಪಿನಲ್ಲಿರುವ, ಕುರ್ಚಿ ಮೇಜುಗಳ ವಿನ್ಯಾಸಕಾರ ಫಿನ್ ಯೂಲ್ ಅವರ ಮನೆಯನ್ನು ನೋಡಿಬಂದದ್ದೇ ನನ್ನ ಈಗಿನ ಹುಚ್ಚಿಗೆ ಮೂಲ. 1942ರಲ್ಲಿ ಅವರು ತಮಗಾಗಿಯೇ ಕಟ್ಟಿಕೊಂಡ ಆ ಮನೆಯಲ್ಲಿ ಕುರ್ಚಿ, ದೀಪ, ಗೋಡೆಯ ಚಿತ್ರಗಳನ್ನು ಒಂದನ್ನು ತೆಗೆದರೆ ಇನ್ನೊಂದು ಬಡವಾಗುವಂತೆ ಹೊಂದಿಸಿಟ್ಟಿದ್ದಾರೆ. ಅಂಥದ್ದೊಂದು ಮೂಲೆ ನಮ್ಮ ಮನೆಯಲ್ಲೂ ಇರಲಿ ಎಂಬ ಆಸೆಯಿಂದ ನಲವತ್ತು ಸಾವಿರ ಕ್ರೋನರ್ ಎತ್ತಿಟ್ಟಿದ್ದೇನೆ.

ಸದ್ಯಕ್ಕೆ ನನ್ನ ಕಣ್ಣಿಗೆ ಬಿದ್ದಿರುವುದು ನಾಲ್ಕು ವಸ್ತುಗಳು. ಹಾನ್ಸ್ ವೆಗ್ನರ್ ಅವರ ‘ವೈ ಕುರ್ಚಿ’ ಎಂದು ಹೆಸರಾದ ಸಿಎಚ್ 24 ಮಾದರಿಯ ನಾಲ್ಕು ಕುರ್ಚಿಗಳ ಒಂದು ಸೆಟ್ಟು, ಪೌಲ್ ಹೆನಿಂಗ್‌ಸೆನ್ ಅವರ ಪಿಎಚ್ 5 ತೂಗುದೀಪ, ಬೀಟೆ ಮರದ ಉದ್ದನೆಯ ಸೈಡ್‌ಬೋರ್ಡು (ಗೋಡೆಗೆ ಒತ್ತಿಡುವ ತಗ್ಗು ಬೀರು), ಮತ್ತು ಡೆನ್ಮಾರ್ಕಿನ ಚಿತ್ರಕಾರ ಆಸ್ಗರ್ ಯೋರ್ನ್ ಅವರದೆಂದು ಹೇಳಲಾದ ಬಣ್ಣದ ಕಲ್ಲಚ್ಚಿನ ಚಿತ್ರ, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚಿಳಿಸಿದ ಚಿತ್ರ. ಎಲ್ಲವನ್ನೂ ಖಾಸಗಿಯವರು ಮಾರುತ್ತಿದ್ದಾರೆ, ಯಾರ ಬಳಿಯೂ ರಸೀದಿಯಿಲ್ಲ. ಅಸಲು ಯಾವುದು, ನಕಲು ಯಾವುದು ಎಂದು ನನ್ನಂಥ ಹೊಸಬ ಹೇಗೆ ತಿಳಿಯಬೇಕು? ಇವುಗಳಲ್ಲಿ ಯಾವುವು ಮೈಸೂರಿಗೆ ಬರಬಲ್ಲವು, ಬಂದ ಮೇಲೆ ಅಲ್ಲಿನ ಮಳೆಗಾಲವನ್ನು ತಾಳಬಲ್ಲವು? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಉಪ್ಪುಕಾಗದ ಅವರ ಉತ್ತರ:

ಕುಕ್ಕರಹಳ್ಳಿಯವರೇ, ನಾನು ಕೋಪನ್‌ಹೇಗನ್ನಿನಿಂದ ಬರುವ ಸೇತುವೆಯ ಈಚೆ ದಡದಲ್ಲಿ, ಸ್ವೀಡನ್ನಿನ ಮಾಲ್ಮೊದಲ್ಲಿರುವವನು. ಹದಿನೇಳು ವರ್ಷಗಳಿಂದ ರಜೆಯ ದಿನಗಳಲ್ಲಿ ಹಳೆಯ ಕುರ್ಚಿ ಮೇಜುಗಳನ್ನು ದುರಸ್ತಿ ಮಾಡುತ್ತ ಬಂದಿದ್ದೇನೆ. ಮೊದಲು ಮಾಡಬೇಕಾದದ್ದು ಇಷ್ಟೇ: ಕುರ್ಚಿಯನ್ನು ಮುಂದಿನಿಂದ ನೋಡಿ ಮೋಹಗೊಳ್ಳುವ ಮೊದಲು ಅದನ್ನು ಮಗುಚಿ ಹಾಕಿ. ಮೇಲ್ಭಾಗವನ್ನು ಯಾರು ಬೇಕಾದರೂ ಉಜ್ಜಿ ಹೊಳೆಸಬಹುದು. ಅಡಿಭಾಗವನ್ನು ಹಾಗೆ ಹೊಳೆಸುವ ಗೋಜಿಗೆ ಹೋಗುವವರು ಕಡಿಮೆ. ಐವತ್ತು ಅರವತ್ತು ವರ್ಷ ಗಾಳಿಗೆ ಒಡ್ಡಿಕೊಂಡ ಮರದ ಅಡಿಬದಿ ಮಂಕಾಗಿ, ಒಂದೇ ಸಮನಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ತಿರುಪುಗಳ ತಲೆಯಲ್ಲಿ ಒಂದೇ ಗೀರು ಇದ್ದು, ಸುತ್ತಲಿನ ಮರದಲ್ಲಿ ಅದರ ಕಪ್ಪು ನೆರಳು ಇಳಿದಿದ್ದರೆ ಅದು ವಯಸ್ಸಿನ ಗುರುತು; ಗಾಢವಾಗಿ ಬಣ್ಣ ಹಚ್ಚಿದ ಅಡಿಯಲ್ಲಿ ಕೂಡುಗುರುತಿನಂಥ (+) ಗೀರಿನ ಹೊಚ್ಚಹೊಸ ತಿರುಪು ಕಂಡರೆ ಪ್ರಶ್ನೆ ಕೇಳಿ. ತಯಾರಕರ ಸುಟ್ಟಚ್ಚು ಅಥವಾ ಚೀಟಿ ಇದ್ದರೆ ಒಳ್ಳೆಯದೇ, ಆದರೆ ಚೀಟಿ ಉದುರಿಹೋಗುವುದೂ ಉಂಟು, ಬೇರೆಡೆಯಿಂದ ಕಿತ್ತು ಅಂಟಿಸುವುದೂ ಉಂಟು. ಆದ್ದರಿಂದ ಚೀಟಿಯನ್ನು ಕೊನೆಯಲ್ಲಿ ಓದಿ.

ಇನ್ನು ವೈ ಕುರ್ಚಿಯ ವಿಷಯ. ವೆಗ್ನರ್ ಅದನ್ನು ರೂಪಿಸಿದ್ದು 1949ರಲ್ಲಿ, ಕಾರ್ಲ್ ಹಾನ್ಸೆನ್ ಕಾರ್ಖಾನೆ ತಯಾರಿಸತೊಡಗಿದ್ದು 1950ರಲ್ಲಿ. ಅಂದಿನಿಂದ ಇಂದಿನವರೆಗೆ ತಯಾರಿಕೆ ನಿಂತಿಲ್ಲ. ಹೀಗಾಗಿ ಅದು ಹಳೆಯದಾಗಿರಬಹುದೇ ಹೊರತು ಅಪರೂಪದ್ದಲ್ಲ. ಇಂದು ಅಂಗಡಿಯಲ್ಲಿ ಸಿಗುವ ಹೊಸ ಕುರ್ಚಿಯ ಬೆಲೆಯನ್ನು ಮೊದಲು ವಿಚಾರಿಸಿಕೊಳ್ಳಿ. ಹಳೆಯದಕ್ಕೆ ಅದನ್ನೂ ಮೀರಿದ ಬೆಲೆ ಹೇಳಿದರೆ ಕಾರಣವನ್ನು ಮಾರುವವರೇ ಕೊಡಬೇಕು. ಕುಳಿತುಕೊಳ್ಳುವ ಭಾಗವನ್ನು ಹೆಣೆದಿರುವುದು ಬೆತ್ತದಿಂದಲ್ಲ, ಕಾಗದದ ಹುರಿಯಿಂದ. ಒಂದೊಂದು ಕುರ್ಚಿಗೂ ಸುಮಾರು 120 ಮೀಟರ್ ಹುರಿ ಹಿಡಿಯುತ್ತದೆ. ಹುರಿ ಜಿಡ್ಡಾಗಿದ್ದರೆ, ನಮ್ಮ ಕಡೆಯ ಹಳೆಯ ನವಾರದ ಮಂಚದಂತೆ ಜೋತುಬಿದ್ದಿದ್ದರೆ ಅದಕ್ಕಾಗಿ ಹಿಂಜರಿಯಬೇಡಿ, ಹೊಸದಾಗಿ ಹೆಣೆಸಬಹುದು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಅಷ್ಟೆ. ಹಿಂಜರಿಯಬೇಕಾದದ್ದು ಜೋಡಣೆ ಸಡಿಲವಾಗಿದ್ದರೆ. ಬಾಗಿದ ಮೇಲ್ಪಟ್ಟಿಯನ್ನು ಒಂದು ಕೈಯಲ್ಲೂ ಮುಂಗಾಲನ್ನು ಇನ್ನೊಂದು ಕೈಯಲ್ಲೂ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಕಿರ್ರೆಂದರೆ ಅಂಟು ಬಿಟ್ಟಿದೆ ಎಂದರ್ಥ.

ಹೊಸಬರು ವಿನ್ಯಾಸಕಾರನ ಹೆಸರಿಗೆ ದುಡ್ಡು ಕೊಡುತ್ತಾರೆ, ಹಳಬರು ಮಾಡಿದ ಕೈಗೆ ಕೊಡುತ್ತಾರೆ. ಕೋಪನ್‌ಹೇಗನ್ನಿನ ಬಡಗಿಗಳ ಸಂಘ 1927ರಿಂದ 1966ರವರೆಗೆ ವರ್ಷ ವರ್ಷವೂ ಪ್ರದರ್ಶನ ನಡೆಸುತ್ತಿತ್ತು. ವಿನ್ಯಾಸಕಾರನೂ ಬಡಗಿಯೂ ಜೋಡಿಯಾಗಿ ಕೆಲಸ ಮಾಡುವ ಪದ್ಧತಿ ಬೇರೂರಿದ್ದು ಅಲ್ಲಿ. ನೀವು ಮೆಚ್ಚಿದ ಫಿನ್ ಯೂಲ್ ಅವರ ಕುರ್ಚಿಗಳು ನೀಲ್ಸ್ ವೊಡರ್ ಎಂಬ ಬಡಗಿಯ ಕಾರ್ಯಾಗಾರದಲ್ಲಿ ಕೆಲವೇ ಕೆಲವು ಆದವು. ಅವರದೇ ಬೇರೆ ಕುರ್ಚಿಗಳನ್ನು ಫ್ರಾನ್ಸ್ ಅಂಡ್ ಸನ್ ಕಾರ್ಖಾನೆ ರಫ್ತಿಗೆಂದು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತು. ಎರಡೂ ಅಸಲೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ನನ್ನ ಮಟ್ಟಿಗೆ ಹೇಳುವುದಾದರೆ, ನಿಮ್ಮ ಮೊತ್ತಕ್ಕೆ ವೈ ಕುರ್ಚಿಗಿಂತ ಬೋರ್ಗೆ ಮೊಗೆನ್ಸೆನ್ ಅವರ ಜೆ 39 ಚೆನ್ನಾಗಿ ಹೊಂದುತ್ತದೆ. 1947ರಲ್ಲಿ ಗ್ರಾಹಕರ ಸಹಕಾರಿ ಸಂಸ್ಥೆಯಾದ ಎಫ್‌ಡಿಬಿಗಾಗಿ ಸಾಮಾನ್ಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, ಇದಕ್ಕೂ ಕಾಗದದ ಹುರಿಯ ಹೆಣಿಗೆಯೇ. ನೋಡಲು ಅತಿ ಸಾದಾ, ಕುಳಿತರೆ ಏಳಲು ಮನಸ್ಸಾಗುವುದಿಲ್ಲ.

ಸೈಡ್‌ಬೋರ್ಡಿನ ಬಗ್ಗೆ ಒಂದೇ ಮಾತು. ಆ ಕಾಲದ ಬಹುಪಾಲು ಸೈಡ್‌ಬೋರ್ಡುಗಳ ಮೇಲ್ಮೈ ಒಂದು ಮಿಲಿಮೀಟರಿಗೂ ತೆಳುವಾದ ಮರದ ಪದರ. ನನ್ನ ಮೊದಲ ವರ್ಷದಲ್ಲಿ ತೇಗದ ಮೇಜೊಂದರ ಮೇಲಿನ ಲೋಟದ ಕಲೆಯನ್ನು ತೆಗೆಯಲು ಹೋಗಿ, ಉಪ್ಪುಕಾಗದದಿಂದ ಹತ್ತು ನಿಮಿಷ ಉಜ್ಜಿ, ಅಂಗೈಯಗಲ ಜಾಗದಲ್ಲಿ ಒಳಗಿನ ಬಿಳಿ ಹಲಗೆ ಇಣುಕುವಂತೆ ಮಾಡಿಕೊಂಡೆ. ಇಲ್ಲಿನ ನನ್ನ ಹೆಸರು ಬಂದದ್ದು ಹಾಗೆ. ಅಂಚುಗಳ ಬಳಿ ಬಣ್ಣ ತಿಳಿಯಾಗಿದ್ದರೆ ನನ್ನಂಥವನೊಬ್ಬನ ಕೈಗೆ ಅದು ಮೊದಲೇ ಸಿಕ್ಕಿತ್ತು ಎಂದು ತಿಳಿಯಿರಿ.

ದೀಪದಮಲ್ಲಿ ಅವರ ಉತ್ತರ:

ಕುರ್ಚಿಗಳ ಬಗ್ಗೆ ಉಪ್ಪುಕಾಗದ ಅವರು ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ದೀಪದ ಬಗ್ಗೆ ಮಾತ್ರ ಬರೆಯುತ್ತೇನೆ. ಹೆನಿಂಗ್‌ಸೆನ್ ಅವರಿಗೆ ಬರಿಯ ಬಲ್ಬು ಕಣ್ಣಿಗೆ ಚುಚ್ಚುವುದು ಸಹಿಸದ ಸಂಗತಿಯಾಗಿತ್ತು. 1920ರ ದಶಕದ ನಡುವಿನಲ್ಲಿ ಲೂಯಿ ಪೌಲ್ಸೆನ್ ಕಂಪನಿಯೊಂದಿಗೆ ಅವರು ರೂಪಿಸಿದ ಮೂರು ಮುಚ್ಚಳದ ದೀಪದಲ್ಲಿ ಮುಚ್ಚಳಗಳ ಬಾಗು ಲಾಗರಿದಮ್ ಸುರುಳಿಯನ್ನು, ಅಂದರೆ ಹೊರಗೆ ಹೋದಂತೆಲ್ಲ ಅಗಲವಾಗುತ್ತ ಸಾಗುವ ಸುರುಳಿಯನ್ನು ಅನುಸರಿಸುತ್ತದೆ. ಬೆಳಕು ಮುಚ್ಚಳಕ್ಕೆ ತಗಲಿ ಕೆಳಗಿಳಿಯುತ್ತದೆಯೇ ಹೊರತು ಉರಿಯುವ ಬಲ್ಬು ಯಾವ ಕೋನದಿಂದಲೂ ಕಾಣುವುದಿಲ್ಲ. 1958ರ ಪಿಎಚ್ 5 ಹುಟ್ಟಿದ್ದಕ್ಕೆ ಅವರ ಸಿಟ್ಟೂ ಒಂದು ಕಾರಣ. ಬಲ್ಬು ತಯಾರಕರು ಆಕಾರವನ್ನೂ ಅಳತೆಯನ್ನೂ ಬದಲಿಸುತ್ತಲೇ ಇದ್ದುದರಿಂದ ಬೇಸತ್ತು, ಯಾವ ಬಲ್ಬು ಹಾಕಿದರೂ ಕಣ್ಣಿಗೆ ಚುಚ್ಚದ ದೀಪವನ್ನು ಮಾಡಿಬಿಟ್ಟರು. ಎಲ್ಇಡಿ ಬಲ್ಬಿನ ಈ ಕಾಲದಲ್ಲಿ ಅದರಿಂದ ನಮಗೇ ಲಾಭ.

ಹೆಸರಿನಲ್ಲಿರುವ 5 ಎಂಬುದು ಮೇಲಿನ ದೊಡ್ಡ ಮುಚ್ಚಳದ ಅಗಲ, ಅಂದರೆ 50 ಸೆಂಟಿಮೀಟರ್. ಅಳತೆಪಟ್ಟಿ ಒಯ್ದು ಅಳೆಯಿರಿ. ಕೆಳಗೆ ನಿಂತು ಒಳಗೆ ನೋಡಿದರೆ ಕೆಂಪು ಬಣ್ಣದ ಶಂಕುವೂ ನೀಲಿ ಬಣ್ಣದ ಪುಟ್ಟ ಮುಚ್ಚಳವೂ ಕಾಣಬೇಕು. ನಮ್ಮ ಕಣ್ಣು ಹಳದಿ ಹಸಿರಿನ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತದೆ, ಎರಡು ತುದಿಗಳ ಕೆಂಪು ನೀಲಿಗಳನ್ನು ಅಷ್ಟಾಗಿ ಗ್ರಹಿಸದು. ಆ ಕೊರತೆಯನ್ನು ತುಂಬಲೆಂದೇ ಅವರು ಈ ಬಣ್ಣಗಳನ್ನು ಬಳಿದರು. ಮುಚ್ಚಳಗಳನ್ನು ಹಿಡಿದಿರುವ ಕಡ್ಡಿಗಳ ಬುಡವನ್ನು ಟಾರ್ಚು ಬಿಟ್ಟು ನೋಡಿ. ಅಲ್ಲಿ ಬಣ್ಣ ಗಡ್ಡೆಕಟ್ಟಿದ್ದರೆ ಅಥವಾ ತಿರುಪಿನ ಗೀರಿನೊಳಗೂ ಬಿಳಿ ಬಣ್ಣ ತುಂಬಿದ್ದರೆ ದೀಪಕ್ಕೆ ಮರುಬಣ್ಣ ಬಳಿದಿದ್ದಾರೆ. ಸಂಗ್ರಹಕಾರರು ಮಾಸಿದ ಮೂಲ ಬಣ್ಣವನ್ನೇ ಹೆಚ್ಚು ಇಷ್ಟಪಡುತ್ತಾರೆ. ಇದಕ್ಕಿಂತ ಹಳೆಯ ಮೂರು ಮುಚ್ಚಳದ ದೀಪ ಮುಂದೆಂದಾದರೂ ಸಿಕ್ಕರೆ ಮುಚ್ಚಳಗಳ ಅಳತೆ ಒಂದಕ್ಕೊಂದು ಸರಿಹೊಂದುತ್ತದೆಯೇ ಎಂದು ನೋಡಿ. ತಲೆ ಒಂದು ದೀಪದ್ದು, ಮುಂಡ ಇನ್ನೊಂದರದ್ದು ಆಗಿರುವುದು ಸಾಮಾನ್ಯ.

ಮೈಸೂರಿನಲ್ಲಿ ಉರಿಸುವುದಕ್ಕೆ ತೊಂದರೆಯಿಲ್ಲ, ಎರಡೂ ದೇಶಗಳಲ್ಲಿ 230 ವೋಲ್ಟ್, 50 ಹರ್ಟ್ಸ್. ಹೋಲ್ಡರು ಮಾತ್ರ ತಿರುಗಿಸಿ ಕೂರಿಸುವ ಬಗೆಯದು. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವ ಎರಡು ಮೊಳೆಯ ಬಲ್ಬು ಅದಕ್ಕೆ ಆಗದು, ಆದರೆ ತಿರುಗಿಸಿ ಕೂರಿಸುವ ಬಲ್ಬು ಅಲ್ಲೂ ಸಿಗುತ್ತದೆ. ಹಳೆಯ ವೈರು ಬೆರಳಿನಲ್ಲಿ ಬಗ್ಗಿಸಿದರೆ ಬಿರುಕು ಬಿಡುವಂತಿದ್ದರೆ ಬಲ್ಲ ಎಲೆಕ್ಟ್ರಿಷಿಯನ್ನರಿಂದ ಬದಲಾಯಿಸದೆ ಉರಿಸಬೇಡಿ. ಊಟದ ಮೇಜಿನ ಮೇಲೆ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿ ತೂಗುಹಾಕಿ. ಸೂರಿಗೆ ಹತ್ತಿರ ಎತ್ತಿ ಕಟ್ಟಿದವರೇ ಅದರ ಬೆಳಕು ಸಾಲದೆಂದು ದೂರುವುದು.

ಕಲ್ಲಚ್ಚು ಅವರ ಉತ್ತರ:

ಲಿಥೋಗ್ರಾಫಿಗೆ ಕಲ್ಲಚ್ಚು ಎಂದು ಬರೆದದ್ದನ್ನು ನೋಡಿ ಸಂತೋಷವಾಯಿತು. 1843ರ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಇದೇ ವಿಧಾನದಲ್ಲಿ. ಮಂಗಳೂರಿನವನಾದ ನನಗೆ ಈ ಮಾಧ್ಯಮದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದ.

ಯೋರ್ನ್ (1914–1973) ಅವರು 1948ರಿಂದ 1951ರವರೆಗೆ ನಡೆದ ಕೋಬ್ರಾ ಎಂಬ ಚಿತ್ರಕಾರರ ಗುಂಪಿನ ಮುಖ್ಯರಲ್ಲೊಬ್ಬರು. ಕೋಪನ್‌ಹೇಗನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಎಂಬ ಮೂರು ಊರುಗಳ ಮೊದಲಕ್ಷರಗಳು ಕೂಡಿ ಆದ ಹೆಸರು ಅದು. ಕಾರೆಲ್ ಆಪೆಲ್, ಕಾನ್ಸ್ಟಂಟ್, ಕಾರ್ಲ್-ಹೆನಿಂಗ್ ಪೆಡರ್ಸನ್ ಮುಂತಾದವರು ಅದರಲ್ಲಿದ್ದರು. ಇವರ ತೈಲಚಿತ್ರಗಳು ನಮ್ಮ ನಿಮ್ಮ ಕೈಗೆ ಎಟುಕುವಂಥವಲ್ಲ, ಆದರೆ ಮುದ್ರಿತ ಚಿತ್ರಗಳು ಎಟುಕುತ್ತವೆ. ಯೋರ್ನ್ ಅವರ ಹಲವು ಕಲ್ಲಚ್ಚುಗಳು ಕೋಪನ್‌ಹೇಗನ್ನಿನ ಪರ್ಮಿಲ್ಡ್ ಅಂಡ್ ರೋಸೆನ್‌ಗ್ರೇನ್ ಮುದ್ರಣಾಲಯದಲ್ಲೇ ಆದವು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದನ್ನು ಒಯ್ಯಿರಿ. ಬಣ್ಣದ ಜಾಗದಲ್ಲಿ ಸಾಲುಹಿಡಿದ ಸಣ್ಣ ಚುಕ್ಕಿಗಳು ಕಂಡರೆ ಅದು ಛಾಯಾಚಿತ್ರದಿಂದ ತೆಗೆದ ಪ್ರತಿ, ಭಿತ್ತಿಪತ್ರಕ್ಕೆ ಸಮಾನ. ಕಲ್ಲಿನಿಂದ ಇಳಿದ ಬಣ್ಣದಲ್ಲಿ ಅಂಥ ಸಾಲು ಇರುವುದಿಲ್ಲ. ಬಳಪದ ಗೀಟಿನಂತೆ ಅಂಕುಡೊಂಕಾದ ಹರಳುಹರಳು ಕಾಣುತ್ತದೆ. ಸಹಿ ಪೆನ್ಸಿಲಿನದೇ, ಅಥವಾ ಚಿತ್ರದೊಡನೆ ಅಚ್ಚಾದದ್ದೇ ಎಂದು ಕಾಗದವನ್ನು ಓರೆಬೆಳಕಿಗೆ ಹಿಡಿದು ನೋಡಿ, ಪೆನ್ಸಿಲಾದರೆ ಸೀಸ ಮಿನುಗುತ್ತದೆ. ‘34/75’ ಎಂಬ ಬಗೆಯ ಸಂಖ್ಯೆಯಿದ್ದರೆ ಎಪ್ಪತ್ತೈದರಲ್ಲಿ ಮೂವತ್ತನಾಲ್ಕನೆಯ ಪ್ರತಿ ಎಂದರ್ಥ. ಯೋರ್ನ್ ತಮ್ಮ ಕೃತಿಗಳನ್ನೂ ಸಂಗ್ರಹವನ್ನೂ ಡೆನ್ಮಾರ್ಕಿನದೇ ಆದ ಸಿಲ್ಕೆಬೋರ್ಗ್ ಊರಿಗೆ ಕೊಟ್ಟರು. ಅಲ್ಲಿನ ಯೋರ್ನ್ ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿಬಂದರೆ ಕಣ್ಣು ಪಳಗುತ್ತದೆ.

ಚೌಕಟ್ಟಿನಿಂದ ಬಿಡಿಸಿ ತೋರಿಸಲು ಒಪ್ಪದವರಿಂದ ಕೊಳ್ಳಲೇಬೇಡಿ. ಅಂಚನ್ನು ಕತ್ತರಿಸಿದ್ದಾರೆಯೇ, ಹಿಂದಿನ ರಟ್ಟಿನ ಆಮ್ಲ ತಗಲಿ ಕಾಗದ ಕಂದಾಗಿದೆಯೇ ಎಂಬುದು ಬಿಡಿಸದೆ ತಿಳಿಯುವುದಿಲ್ಲ. ಹರಾಜಿನಲ್ಲಿ ಕೊಳ್ಳುವುದಾದರೆ ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಶುಲ್ಕವೂ, ಕಲಾವಿದ ತೀರಿಕೊಂಡು 70 ವರ್ಷ ಆಗುವವರೆಗೆ ಅವರ ವಾರಸುದಾರರಿಗೆ ಸಲ್ಲುವ ಮರುಮಾರಾಟದ ಹಕ್ಕಿನ ಹಣವೂ ಕೂಡಬಹುದು. 50,000 ಯೂರೋವರೆಗಿನ ಬೆಲೆಗೆ ಅದು ಯೂರೋಪಿನ ನಿಯಮದಂತೆ ಶೇಕಡಾ 4 ಅಥವಾ 5.

ಕುಕ್ಕರಹಳ್ಳಿ ಅವರ ಮರುಪ್ರಶ್ನೆ:

ಮೂವರಿಗೂ ಕೃತಜ್ಞತೆಗಳು. ಸೈಡ್‌ಬೋರ್ಡು ಮಾರುವ ಹಿರಿಯರು, ‘ಇದು ನಿಮ್ಮ ದೇಶದ ಮರವೇ, ಊರಿಗೆ ಮರಳಿ ಕರೆದುಕೊಂಡು ಹೋಗಿ’ ಎಂದು ನಗುತ್ತ ಹೇಳಿದರು. ಬೀಟೆಯೆಂದ ಮೇಲೆ ತೊಂದರೆಯೇನಾದರೂ ಇದೆಯೇ?

ತೊಟ್ಟಿಮನೆ ಅವರ ಉತ್ತರ:

ಇದೆ. ನಾನು ಡೆನ್ಮಾರ್ಕಿನ ಓರ್ಹುಸ್‌ನಲ್ಲಿ ಆರು ವರ್ಷವಿದ್ದು ಮೈಸೂರಿಗೆ ಮರಳಿದವಳು. ಈ ವಿಷಯದಲ್ಲಿ ಸಾಕಷ್ಟು ಓಡಾಡಿದ್ದೇನೆ. ಡೇನರು ‘ಪಾಲಿಸಾಂಡರ್’ ಎನ್ನುವ ಒಂದೇ ಹೆಸರಿನಲ್ಲಿ ನಮ್ಮ ಬೀಟೆಯೂ ಬರುತ್ತದೆ, ಬ್ರೆಜಿಲಿನ ಬೀಟೆಯೂ ಬರುತ್ತದೆ, ಮತ್ತು ಆ ಕಾಲದ ಬೆಲೆಬಾಳುವ ಸಾಮಾನುಗಳಲ್ಲಿ ಬ್ರೆಜಿಲಿನದು ಬಹಳ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಕುರಿತ ಸೈಟಿಸ್ ಒಪ್ಪಂದದಲ್ಲಿ ಬ್ರೆಜಿಲಿನ ಬೀಟೆ 1992ರಿಂದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. 2017ರಿಂದ ಅದೇ ಕುಲದ ಉಳಿದ ಮರಗಳೆಲ್ಲ, ನಮ್ಮ ಬೀಟೆಯೂ ಸೇರಿ, ಎರಡನೆಯ ಪಟ್ಟಿಯಲ್ಲಿವೆ. ಬ್ರೆಜಿಲಿನದಾದರೆ ಐರೋಪ್ಯ ಒಕ್ಕೂಟದೊಳಗೆ ಮಾರುವುದಕ್ಕೇ ಪ್ರಮಾಣಪತ್ರ ಬೇಕು. ಅಲ್ಲಿಂದ ಹೊರಗೆ ಸಾಗಿಸಬೇಕಾದರೆ ಮರ ನಿಷೇಧಕ್ಕಿಂತ ಹಿಂದಿನದು ಎಂದು ತೋರಿಸುವ ದಾಖಲೆ ಬೇರೆ. ರಸೀದಿಯೇ ಇಲ್ಲದ ಸೈಡ್‌ಬೋರ್ಡಿಗೆ ಅದನ್ನು ಎಲ್ಲಿಂದ ತರುತ್ತೀರಿ? ಬಿಟ್ಟುಬಿಡಿ ಎನ್ನುವುದೇ ನನ್ನ ಸಲಹೆ. ತೇಗ ಮತ್ತು ಓಕ್ ಮರಗಳಿಗೆ ಈ ಕಟ್ಟಳೆಯಿಲ್ಲ.

ಮಳೆಗಾಲದ ಮಾತಿಗೆ ಬಂದರೆ, ಡೆನ್ಮಾರ್ಕಿನ ಮನೆಗಳಲ್ಲಿ ಚಳಿಗಾಲವಿಡೀ ಹೀಟರು ಉರಿದು ಗಾಳಿ ಒಣಗಿರುತ್ತದೆ, ಆ ಗಾಳಿಗೆ ಒಗ್ಗಿದ ಮರ ನಮ್ಮಲ್ಲಿ ಉಬ್ಬುತ್ತದೆ. ನನ್ನ ತೇಗದ ಖಾನೆಪೆಟ್ಟಿಗೆಯ ಡ್ರಾಯರುಗಳು ಮೊದಲ ಆಷಾಢದಲ್ಲಿ ಬಿಗಿದುಕೊಂಡವು. ಬಂದ ಆಚಾರರು ಮುಂಚಿತವಾಗಿ ನನ್ನನ್ನು ಕೇಳದೆ ಎರಡರ ಅಂಚಿಗೆ ಉಜ್ಜುಗೊರಡು ಹಾಕಿದರು. ಫೆಬ್ರುವರಿಯ ಹೊತ್ತಿಗೆ ಆ ಎರಡೂ ಸಡಿಲಾಗಿ ಕಟಕಟ ಎನ್ನತೊಡಗಿದವು, ಮುಟ್ಟದೆ ಬಿಟ್ಟ ಮೂರನೆಯದು ತಾನಾಗಿಯೇ ಸರಿಹೋಯಿತು. ಒಂದು ವರ್ಷ ಪೂರ್ತಿ ಕಳೆಯುವವರೆಗೆ ಯಾರಿಗೂ ಕೈಹಾಕಲು ಬಿಡಬೇಡಿ. ಬೀಚ್ ಮತ್ತು ಓಕ್ ಮರಗಳನ್ನು ಗೆದ್ದಲು, ಕುಟ್ಟೆಹುಳುಗಳಿಂದ ಕಾಯಬೇಕು, ತೇಗಕ್ಕೆ ಆ ಭಯ ಕಡಿಮೆ. ಕಾಗದದ ಹುರಿಯನ್ನು ಒದ್ದೆಬಟ್ಟೆಯಿಂದ ಒರೆಸಿ ಮುಚ್ಚಿದ ಕೋಣೆಯಲ್ಲಿ ಬಿಟ್ಟರೆ ಬೂಷ್ಟು ಖಚಿತ. ಚಿತ್ರವನ್ನು ಹೊರಗೋಡೆಗೆ ತೂಗುಹಾಕದೆ ಒಳಗೋಡೆಗೆ ಹಾಕಿ, ಗಾಜಿಗೂ ಕಾಗದಕ್ಕೂ ನಡುವೆ ಸಂದು ಇರುವಂತೆ ಕಟ್ಟು ಹಾಕಿಸಿ.

ಕುಕ್ಕರಹಳ್ಳಿ:

ಸೈಡ್‌ಬೋರ್ಡಿನ ಆಸೆಯನ್ನು ಬಿಟ್ಟೆ. ಆ ಹಿರಿಯರಿಗೂ ಪ್ರಮಾಣಪತ್ರದ ಸಂಗತಿ ತಿಳಿದಿರಲಿಲ್ಲವಂತೆ, ಈಗ ಅವರೇ ವಿಚಾರಿಸುತ್ತಿದ್ದಾರೆ. ನಿನ್ನೆ ಅಳತೆಪಟ್ಟಿ, ಟಾರ್ಚು, ಭೂತಗನ್ನಡಿ ಹಿಡಿದುಕೊಂಡು ಉಳಿದ ಮೂರು ಮನೆಗಳಿಗೂ ಹೋಗಿಬಂದೆ. ನಾಲ್ಕು ಕುರ್ಚಿಗಳಲ್ಲಿ ಒಂದು ಕಿರ್ರೆಂದಿತು. ಮೂರನ್ನೇ ಬಿಡಿಸಿ ಕೊಡಲು ಅವರು ಒಪ್ಪಲಿಲ್ಲವಾದ್ದರಿಂದ ಜೆ 39 ಹುಡುಕತೊಡಗಿದ್ದೇನೆ. ಯೋರ್ನ್ ಚಿತ್ರದಲ್ಲಿ ಚುಕ್ಕಿಗಳ ಸಾಲು ಮೊದಲ ನೋಟಕ್ಕೇ ಸಿಕ್ಕಿತು. ದೀಪದ ಅಗಲ ಸರಿಯಾಗಿ 50 ಸೆಂಟಿಮೀಟರ್, ಒಳಗೆ ಕೆಂಪೂ ನೀಲಿಯೂ ಇವೆ, ಮೇಲಿನ ಮುಚ್ಚಳದ ಒಂದು ಕಡೆ ಹೆಬ್ಬೆರಳಿನಷ್ಟು ನೆಗ್ಗಿದೆ. ಆ ನೆಗ್ಗಿಗೆಂದು ಮುನ್ನೂರು ಕ್ರೋನರ್ ಇಳಿಸಿಕೊಂಡು ತಂದಿದ್ದೇನೆ. ವೈರು ಬದಲಾಯಿಸುವವರು ಗುರುವಾರ ಬರುತ್ತಾರೆ.